ಹುಬ್ಬುಗಂಟು

ಆಸ್ಪತ್ರೆಯ ಗಾಜಿನ ಬಾಗಿಲು ತೆರೆದ ಹುಡುಗಿ ನನ್ನನ್ನು ನೋಡಿ ನಕ್ಕಳು. ನಾನು ನಗಲಿಲ್ಲ. ಬೆಳಗ್ಗೆ ಏಳೂವರೆ ಗಂಟೆಗೆ ಗುರುತು ಪರಿಚಯವಿಲ್ಲದ ಐವತ್ತೇಳು ವರ್ಷದ ಗಂಡಸನ್ನು ಕಂಡು ಯಾರಿಗಾದರೂ ಅಷ್ಟು ಸಂತೋಷವಾಗುತ್ತದೆ ಎಂದರೆ ಅದರ ಹಿಂದೆ ಏನೋ ಇದೆ. ಪಕ್ಕದಲ್ಲಿ ಬರುತ್ತಿದ್ದ ನನ್ನ ಹೆಂಡತಿಯೂ ನಗುತ್ತಿದ್ದಳು. ಅವಳದಂತೂ ಮೂರು ದಿನದ ನಗು. ಮೂವತ್ತು ವರ್ಷದ ಸಂಸಾರದಲ್ಲಿ ಈ ಹೆಂಗಸು ಮೂರು ದಿನ ಸತತವಾಗಿ ನಕ್ಕದ್ದನ್ನು ನಾನು ಕಂಡಿಲ್ಲ. ಇಬ್ಬರನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಒಳಗೆ ಹೋದೆ.

ನಾನು ಸಿಟಿ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಕಂಡಕ್ಟರುಗಳು ನನಗೆ ಇಟ್ಟಿರುವ ಹೆಸರು ಹದ್ದು. ನನ್ನೆದುರು ಸಾರ್ ಎನ್ನುತ್ತಾರೆ, ನಾನು ಇಳಿದ ಮೇಲೆ ಮುಂದಿನ ಬಸ್ಸಿನವನಿಗೆ ಫೋನ್ ಮಾಡಿ ಹದ್ದು ಹೊರಟಿದೆ ಎನ್ನುತ್ತಾರೆ. ನನಗೇನೂ ಬೇಸರವಿಲ್ಲ. ಟಿಕೆಟ್ ಇಲ್ಲದವರನ್ನು ಹಿಡಿಯಲು ಟಿಕೆಟ್ ನೋಡುತ್ತಾ ಹೋಗುವವನು ದಡ್ಡ. ಮುಖ ನೋಡಬೇಕು. ನಾನು ಮೆಟ್ಟಿಲು ಹತ್ತಿದ ಕೂಡಲೇ ಕೆಲವರಿಗೆ ಕಿಟಕಿಯಾಚೆಯ ಗೋಡೆಯ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟುತ್ತದೆ. ಅಲ್ಲಿಗೆ ನನ್ನ ಕೆಲಸ ಮುಗಿದಂತೆ.

ಇಂಥ ಕೆಲಸ ಮಾಡಿದವನ ಮುಖ ಹೇಗಾಗುತ್ತದೆ ಎಂದು ಯಾರೂ ಮೊದಲೇ ಹೇಳುವುದಿಲ್ಲ. ನನ್ನ ಎರಡು ಹುಬ್ಬುಗಳ ನಡುವೆ ಬೆರಳು ಇಟ್ಟರೆ ಒಳಗೆ ಹೂತುಹೋಗುವಂಥ ಗಂಟು ಬಿದ್ದಿದೆ. ಕಣ್ಣಿನ ಮೇಲಿನ ಚರ್ಮ ಜೋತುಬಿದ್ದು ಅರೆಮುಚ್ಚಿದ ಬಾಗಿಲಿನ ಸಂದಿಯಿಂದ ಇಣುಕುವವನ ಕಳೆ ಬಂದಿದೆ. ನಿದ್ದೆಯಲ್ಲೂ ದಿಂಬಿನ ಮೇಲೆ ಗುಮಾನಿ ಇಟ್ಟುಕೊಂಡೇ ಮಲಗಿರ್ತೀರಿ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆ ಚರ್ಮವನ್ನು ಕತ್ತರಿಸಿ, ಅದೇ ಗಾಯದೊಳಗಿನಿಂದ ಹುಬ್ಬು ಗಂಟಿಕ್ಕುವ ಸ್ನಾಯುವನ್ನೂ ಸಡಿಲಿಸಿ, ಮುಖಕ್ಕೆ ಬೇರೆ ಕಳೆ ಕೊಡುತ್ತೇವೆ ಎಂದು ಈ ಪ್ಲಾಸ್ಟಿಕ್ ಸರ್ಜರಿ ಆಸ್ಪತ್ರೆಯವರು ಹೇಳಿದ್ದರು. ಕಾಯಿಲೆಯೇನಲ್ಲ. ಮಾಡಿಸಿಕೊಳ್ಳದಿದ್ದರೆ ಸಾಯುವುದಿಲ್ಲ. ನಾನಾಗಿಯೇ ಬಂದು ಕೊರಳೊಡ್ಡಿದ್ದೆ.

ಕಾರಣ ನನ್ನ ಮಗಳು. ನಮಗಿರುವುದು ಅವಳೊಬ್ಬಳೇ. ಮನೆಯಲ್ಲಿ ಮರಿ ಎಂದು ಕರೆಯುತ್ತೇವೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹದಿನಾಲ್ಕು ತಿಂಗಳ ಹಿಂದೆ ವಿಶೇಷ ತಪಾಸಣೆಯ ದಿನ ನಾನು ಹತ್ತಿದ ಬಸ್ಸಿನ ಐದನೇ ಸಾಲಿನಲ್ಲಿ ಅವಳು ಕೂತಿದ್ದಳು. ನನ್ನ ಹಿಂದೆ ಮೇಲಧಿಕಾರಿ ನಿಂತಿದ್ದರು. ಎಲ್ಲರನ್ನೂ ಕೇಳಿದ ಹಾಗೆ ಟಿಕೆಟ್ ಎಂದೆ.

"ತಗೊಂಡಿದೀನಿ," ಎಂದಳು.

"ತೋರಿಸಿ," ಎಂದೆ. ಹೌದು, ಹೆತ್ತ ಮಗಳಿಗೆ ತೋರಿಸಿ ಎಂದೆ. ಸಮವಸ್ತ್ರದಲ್ಲಿದ್ದಾಗ ನನಗೆ ಏಕವಚನ ಇಲ್ಲ.

ಅವಳು ನನ್ನ ಮುಖ ನೋಡಿದಳು. ತೋರಿಸಲಿಲ್ಲ. ಕಂಡಕ್ಟರ್ ಓಡಿ ಬಂದು, "ಕೊಟ್ಟಿದೀನಿ ಸಾರ್, ನನಗೆ ಚೆನ್ನಾಗಿ ನೆನಪಿದೆ," ಎಂದ. ಹದ್ದಿನ ಮಗಳೆಂದು ಗೊತ್ತಾಗಿ ಬೆಣ್ಣೆ ಹಚ್ಚುತ್ತಿದ್ದಾನೆ ಎಂದುಕೊಂಡು ಅವನನ್ನೂ ಬೈದೆ. ದಂಡದ ಚೀಟಿ ಹರಿದು ಕೊಟ್ಟೆ. ಅವಳು ಕಟ್ಟಿದಳು, ಮುಂದಿನ ಸ್ಟಾಪಿನಲ್ಲಿ ಇಳಿದಳು, ಸಂಜೆ ಮನೆಗೆ ಬಂದು ಬಟ್ಟೆ ತುಂಬಿಕೊಂಡು ಹಾಸ್ಟೆಲ್ ಸೇರಿದಳು. ಡಿಪೋದಲ್ಲಿ ಒಂದು ವಾರ ಎಲ್ಲರೂ ನನ್ನನ್ನು ಹೊಗಳಿದರು. ಮಗಳನ್ನೂ ಬಿಡದ ಮನುಷ್ಯ ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ವಾರ ನಾನು ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಆಮೇಲೆ ಮನೆ ಬಿಕೋ ಎನ್ನತೊಡಗಿತು. ಅವಳು ತಾಯಿಯ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ, ನಾನು ಹತ್ತಿರ ಬಂದರೆ ಫೋನ್ ಸುಮ್ಮನಾಗುತ್ತದೆ. ಒಂದು ದಿನ ನಾನೇ ಹೆಂಡತಿಯನ್ನು ಕಾಡಿ ಬಾಯಿ ಬಿಡಿಸಿದೆ. "ಅಪ್ಪನ ಆ ಮುಖ ಇನ್ನೊಂದು ಸಲ ನೋಡೋಕೆ ನನ್ನ ಕೈಲಿ ಆಗಲ್ಲ ಅಂತಾಳೆ ರೀ," ಎಂದಳು. ಅಂದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತೆ. ಮಗಳು ಹೇಳಿದ್ದು ಸುಳ್ಳೇನಲ್ಲ. ನನ್ನನ್ನು ಕಂಡರೆ ನನಗೇ ಜೇಬು ತಡಕಿಕೊಳ್ಳಬೇಕು ಅನ್ನಿಸಿತು. ಇದ್ದ ರಜೆಯನ್ನೆಲ್ಲ ಒಟ್ಟುಗೂಡಿಸಿ ಇಲ್ಲಿಗೆ ಬಂದೆ. ಅವಳು ಒಂದು ಸಲ ನನ್ನೆದುರು ಕೂತು ಮಾತಾಡಿದರೆ ಸಾಕಿತ್ತು.

ಒಳಗೆ ತಿಳಿಹಸಿರು ಬಣ್ಣದ ಚಿಕ್ಕ ಕೋಣೆ. ಒಂದು ಮಂಚ, ಎರಡು ಕುರ್ಚಿ, ಒಂದು ಕಿಟಕಿ, ಎಲ್ಲಿಂದಲೋ ಸಣ್ಣಗೆ ಕೊಳಲಿನ ಸದ್ದು. ಹಿಂದಿನಿಂದ ಕಟ್ಟುವ ಅಂಗಿ ತೊಡಿಸಿ ಮಂಚದ ಮೇಲೆ ಕೂರಿಸಿದರು. ಬೆರಳಿಗೆ ಒಂದು ಚಿಮುಟ ಸಿಕ್ಕಿಸಿದರು. ಅದರ ತಂತಿ ಹೋಗಿ ಸೇರಿದ್ದ ಪೆಟ್ಟಿಗೆಯ ಮೇಲೆ ನನ್ನ ನಾಡಿ ಬಡಿತ ಅಂಕಿಯಾಗಿ ಮೂಡಿತು. ನೂರ ಹದಿನೆಂಟು.

"ಈ ಮಷಿನ್ ಕೆಟ್ಟಿದೆ," ಎಂದೆ.

ಹೆಂಡತಿ ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. "ರೀ, ಏನೂ ಆಗಲ್ಲ, ಹೆದರ್ಕೋಬೇಡಿ."

"ಹೆದರಿದ್ದು ಯಾರು? ನೀನು ಯಾಕೆ ಇಷ್ಟು ಖುಷಿಯಾಗಿದೀಯ ಅದನ್ನ ಹೇಳು ಮೊದಲು."

"ಖುಷಿಯಾಗಿರೋದಕ್ಕೂ ನಿಮ್ಮ ಹತ್ರ ಟಿಕೆಟ್ ತಗೋಬೇಕಾ?" ಎಂದಳು. ಅಷ್ಟರಲ್ಲಿ ಅವಳ ಫೋನ್ ಗುರ್ರ್ ಎಂದಿತು. ಹೆಸರು ಕಾಣದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಹೊರಗೆ ಹೋದಳು. ಮೂರು ದಿನದಿಂದ ಇದೇ ಕಥೆ. ಸ್ನಾನದ ಮನೆಯಲ್ಲಿ ಪಿಸಪಿಸ, ಮೆಟ್ಟಿಲ ಮೇಲೆ ಪಿಸಪಿಸ. ತನ್ನ ಅಣ್ಣತಮ್ಮಂದಿರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದಾಳೆ ಎನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ನಮ್ಮ ಭಾವ ಚಂದ ಆಗೋಕೆ ಹೊರಟಿದ್ದಾರಂತೆ ಎಂದು ಭಾವಮೈದುನರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುವುದು ಕಣ್ಣಿಗೆ ಕಟ್ಟಿತು.

ಆಗ ಒಳಗೆ ಬಂದವಳು ಆಪ್ತ ಸಮಾಲೋಚಕಿ. ಹಾಗೆಂದು ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ಬರೆದಿತ್ತು. ಎರಡು ನಿಮಿಷದ ಹಿಂದೆ ನನ್ನ ಹೆಸರೂ ಗೊತ್ತಿಲ್ಲದವಳು ಅದು ಹೇಗೆ ಆಪ್ತಳಾದಳೋ. ನಲವತ್ತರ ಆಸುಪಾಸಿನ ಹೆಂಗಸು, ತಲೆ ಬಾಚಿಕೊಳ್ಳಲು ಪುರುಸೊತ್ತಿಲ್ಲದವಳಂತೆ ಕಾಣುತ್ತಿದ್ದಳು. ನನ್ನ ಕೈಗೆ ಒಂದು ಮೆತ್ತನೆಯ ರಬ್ಬರ್ ಚೆಂಡು ಕೊಟ್ಟಳು.

"ಇದೇನು?"

"ಮನಸ್ಸಿಗೆ ಕಸಿವಿಸಿ ಆದಾಗ ಹಿಸುಕೋಕೆ. ನಿಧಾನವಾಗಿ ಉಸಿರು ಎಳ್ಕೊಳ್ಳಿ. ನಾಲ್ಕು ಎಣಿಸಿ. ಬಿಡಿ."

"ಎಳ್ಕೊಂಡ್ರೆ ಏನಾಗತ್ತೆ?"

"ಸಮಾಧಾನ ಆಗತ್ತೆ."

"ಸಮಾಧಾನ ಮಾಡ್ಬೇಕು ಅಂತ ನಿಮಗೆ ಯಾಕೆ ಅನ್ನಿಸ್ತು? ಒಳಗೆ ಅಂಥದ್ದೇನಾದ್ರೂ ನಡೆಯತ್ತಾ?"

ಅವಳು ಒಂದು ಆಲ್ಬಂ ತೆರೆದಳು. ಎಡಗಡೆ ಆಪರೇಷನ್ನಿಗೆ ಮುಂಚಿನ ಮುಖಗಳು, ಬಲಗಡೆ ಆಮೇಲಿನವು. ನಾನು ಒಂದೊಂದೇ ಪುಟ ತಿರುವಿ ನೋಡಿದೆ. ಎಡಗಡೆಯವರು ಒಬ್ಬರೂ ನಕ್ಕಿರಲಿಲ್ಲ, ಬಲಗಡೆಯವರೆಲ್ಲ ಹಲ್ಲು ಕಾಣುವಂತೆ ನಕ್ಕಿದ್ದರು. "ಇದು ಡಾಕ್ಟರ ಕೈಗುಣವೋ, ನಗಿ ಅಂತ ಹೇಳಿದ ಫೋಟೋದವನ ಕೈಗುಣವೋ?" ಎಂದೆ. "ಎಡಗಡೆ ಬೆಳಕು ಮೇಲಿಂದ ಬಿದ್ದಿದೆ, ಬಲಗಡೆ ಎದುರಿಂದ. ನನ್ನ ಕಿವಿಗೆ ಹೂವಿಡಬೇಡಿ."

ಅವಳು ಆಲ್ಬಮ್ಮನ್ನು ತನ್ನ ಕಡೆ ತಿರುಗಿಸಿಕೊಂಡು ಎರಡು ಪುಟ ನೋಡಿದಳು. "ನಿಜ ಕಣ್ರೀ," ಎಂದಳು. "ಆರು ವರ್ಷದಿಂದ ಎಲ್ಲರಿಗೂ ತೋರಿಸ್ತಾ ಇದೀನಿ, ನನಗೆ ಹೊಳೆದೇ ಇಲ್ಲ." ಆಲ್ಬಂ ಮುಚ್ಚಿ ಪಕ್ಕಕ್ಕಿಟ್ಟಳು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಜಗಳಕ್ಕೆ ಬರುತ್ತಾರೆ. ಇವಳು ಒಪ್ಪಿಕೊಂಡದ್ದು ನನಗೆ ಇನ್ನಷ್ಟು ಅನುಮಾನ ತಂದಿತು.

"ಫಾರಂನಲ್ಲಿ ಕಾರಣ ಅನ್ನೋ ಕಡೆ ಖಾಲಿ ಬಿಟ್ಟಿದೀರಿ. ಯಾಕೆ ಮಾಡಿಸ್ಕೊಳ್ತಿದೀರಿ?"

"ಚರ್ಮ ಜೋತು ಬಿದ್ದು ಸರಿಯಾಗಿ ಕಾಣ್ಸಲ್ಲ. ಕೆಲಸಕ್ಕೆ ತೊಂದರೆ."

ಅವಳು ಬರೆದುಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಗ ಗೊತ್ತಾಯಿತು, ಉತ್ತರ ಹೇಳುವಾಗ ನಾನು ಕಿಟಕಿಯಾಚೆಗಿನ ನೀರಿನ ಟ್ಯಾಂಕನ್ನು ನೋಡುತ್ತಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಆ ಸೀಟಿನಲ್ಲಿ ನಾನೇ ಕೂತಿದ್ದೆ. ಬೇರೆ ದಾರಿ ಕಾಣದೆ ಮಗಳ ವಿಷಯ ಹೇಳಿಬಿಟ್ಟೆ. ಹೇಳುವಾಗ ಚೆಂಡು ನನ್ನ ಮುಷ್ಟಿಯಲ್ಲಿ ಚಪ್ಪಟೆಯಾಗಿತ್ತು.

ಪೂರ್ತಿ ಕೇಳಿದ ಮೇಲೆ ಅವಳು, "ಮುಖ ಬದಲಾದ್ರೆ ಮಗಳು ಬರ್ತಾಳೆ ಅಂತ ನಾನು ಹೇಳೋಕಾಗಲ್ಲ. ಹೇಳಿದ್ರೆ ಅದು ಮೋಸ," ಎಂದಳು.

"ನಾನು ಕೇಳಿದ್ನಾ ನಿಮ್ಮನ್ನ?"

"ಇಲ್ಲ. ಆದ್ರೆ ನಿಮಗೆ ಭಯ ಇರೋದು ಕತ್ತರಿಗಲ್ಲ. ಕತ್ತರಿಸಿದ ಮೇಲೂ ಅವಳು ಬರದಿದ್ರೆ ಅಂತ."

ಮುಖಕ್ಕೆ ಹೊಡೆದ ಹಾಗಾಯಿತು. ಕೆರಳಿ ಏನೋ ಅನ್ನಬೇಕೆಂದಿದ್ದೆ. ಪೆಟ್ಟಿಗೆ ನೂರ ಇಪ್ಪತ್ತಾರು ಎಂದು ತೋರಿಸುತ್ತಿತ್ತು, ಅದರೆದುರು ಏನೆಂದು ಬೊಗಳಲಿ? ಎದ್ದು ಬಟ್ಟೆ ಹಾಕಿಕೊಂಡು ಹೋಗಿಬಿಡೋಣ ಎಂದು ಕಾಲು ಕೆಳಗಿಟ್ಟೆ. ನೆಲ ತಣ್ಣಗಿತ್ತು. ಅವಳು ತಡೆಯಲಿಲ್ಲ. ಚೆಂಡನ್ನು ಮಾತ್ರ ನನ್ನ ಕೈಯಿಂದ ವಾಪಸು ತೆಗೆದುಕೊಂಡಳು.

"ಇದು ನಿಮಗೆ ಆಗಿಬರಲ್ಲ. ನಿಮಗೆ ಏನು ಮಾಡಿದ್ರೆ ಸಮಾಧಾನ ಆಗತ್ತೆ?"

"ತಪಾಸಣೆ," ಎಂದೆ. ತಮಾಷೆಗೆ ಹೇಳಿದ್ದಲ್ಲ.

"ಹಾಗಾದ್ರೆ ಮಾಡಿ. ಒಳಗೆ ನಿಮ್ಮನ್ನ ಮುಟ್ಟೋರು ಮೂರು ಜನ. ಒಬ್ಬೊಬ್ಬರನ್ನೇ ಕಳಿಸ್ತೀನಿ. ಏನು ಬೇಕಾದ್ರೂ ಕೇಳಿ. ಸರಿ ಅನ್ನಿಸ್ಲಿಲ್ಲ ಅಂದ್ರೆ ಮನೆಗೆ ಹೋಗಿ, ನಾನೇ ಆಟೋ ಕರೆಸ್ತೀನಿ."

ಇದೂ ಒಂದು ವರಸೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಕೂತೆ.

ಮೊದಲು ನರ್ಸ್ ಬಂದಳು. ಸಲಕರಣೆಗಳನ್ನು ಕುದಿಹಬೆಯಲ್ಲಿ ಇಟ್ಟು ತೆಗೆದದ್ದು ಎಷ್ಟು ಗಂಟೆಗೆ, ಕಟ್ಟು ಬಿಚ್ಚುವವರು ಯಾರು, ಕಟ್ಟಿನ ಮೇಲೆ ತಾರೀಖು ಬರೆದಿದೆಯೇ ಎಂದೆಲ್ಲ ಕೇಳಿದೆ. ಅವಳು ಹೊರಗೆ ಹೋಗಿ ಒಂದು ಕಟ್ಟನ್ನೇ ತಂದು ತೋರಿಸಿದಳು. ತಾರೀಖು ಸರಿಯಾಗಿತ್ತು. ಎರಡನೆಯವನು ಜಾಗ ಮರಗಟ್ಟಿಸುವ ಡಾಕ್ಟರ್. ಪೂರ್ತಿ ಮಂಪರು ಬರಿಸುವುದಿಲ್ಲ, ಎಚ್ಚರವಾಗಿಯೇ ಇರುತ್ತೀರಿ, ಕಣ್ಣು ಮಾತ್ರ ಮುಚ್ಚಿರಬೇಕು ಎಂದ. ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡಿದಿರಿ ಎಂದು ನಾನು ಕೇಳಿದ್ದಕ್ಕೆ ನಕ್ಕ. ನಗಬೇಡಿ, ಡ್ರೈವರುಗಳನ್ನೂ ನಾನು ಇದನ್ನೇ ಕೇಳೋದು ಎಂದೆ. ಏಳು ಗಂಟೆ ಎಂದ. ಕಣ್ಣ ಕೆಳಗೆ ಕಪ್ಪಿರಲಿಲ್ಲ, ಬಿಟ್ಟೆ.

ಕೊನೆಗೆ ಸರ್ಜನ್. ದಪ್ಪ ಬೆರಳಿನ ಗಿಡ್ಡ ಮನುಷ್ಯ. ಆ ಬೆರಳಲ್ಲಿ ರೆಪ್ಪೆಯ ಕೆಲಸ ಹೇಗೆ ಮಾಡುತ್ತಾನೋ ಎಂದು ನನ್ನ ಜೀವ ಬಾಯಿಗೆ ಬಂತು. ನೇರವಾಗಿ ಕೇಳಿದೆ.

"ಈ ಆಪರೇಷನ್ ನಿಮ್ಮ ಕೈಯಲ್ಲಿ ಯಾವತ್ತಾದ್ರೂ ಕೆಟ್ಟಿದೆಯಾ?"

ಅವರು ಕಿಟಕಿಯ ಕಡೆ ನೋಡಿದರು. ಸಿಕ್ಕಿಬಿದ್ದ ಎಂದುಕೊಂಡೆ. ಮನಸ್ಸಿನಲ್ಲಿ ಆಗಲೇ ಪ್ಯಾಂಟು ಹಾಕಿಕೊಂಡಿದ್ದೆ.

"ಒಂದು ಸಲ," ಎಂದರು. "ಒಬ್ಬ ಹೆಂಗಸಿಗೆ ಒಂದು ಕಡೆ ಚರ್ಮ ಜಾಸ್ತಿ ತೆಗೆದೆ. ಕಣ್ಣು ಪೂರ್ತಿ ಮುಚ್ಚೋಕೆ ಆಗ್ತಿರಲಿಲ್ಲ ಅವರಿಗೆ. ಆಮೇಲೆ ಸರಿ ಮಾಡಿದೆ. ಆದ್ರೂ ರಸ್ತೆಯಲ್ಲಿ ಸಿಕ್ಕಿದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರೆ. ಒಂಬತ್ತು ವರ್ಷ ಆಯ್ತು. ಅವತ್ತಿಂದ ಎರಡು ಸಲ ಅಳೀತೀನಿ."

ಕೇಳಿದ ಕೂಡಲೇ ಟಿಕೆಟ್ ಇಲ್ಲ ಎಂದು ಒಪ್ಪಿಕೊಂಡವರನ್ನು ನಾನು ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ. ಪಾಪ, ಆ ಮನುಷ್ಯ ಇನ್ನೂ ಕಿಟಕಿಯ ಕಡೆಯೇ ನೋಡುತ್ತಿದ್ದರು. "ನನಗೆ ಮೂರು ಸಲ ಅಳೀರಿ," ಎಂದೆ. ಆಯಿತು ಎಂದು ನೀಲಿ ಪೆನ್ನು ತೆಗೆದು ನನ್ನ ರೆಪ್ಪೆಯ ಮೇಲೆ ಗೀಟು ಎಳೆದರು, ಪಟ್ಟಿ ಇಟ್ಟು ನಿಜವಾಗಿಯೂ ಮೂರು ಸಲ ಅಳೆದರು. ಪೆಟ್ಟಿಗೆಯ ಕಡೆ ಓರೆಗಣ್ಣಿನಲ್ಲಿ ನೋಡಿದೆ. ಎಂಬತ್ತೆಂಟು. ಆ ಮಷಿನ್ನು ಕೆಟ್ಟಿರಲಿಲ್ಲ ಅನ್ನಿಸುತ್ತದೆ.

ಆಪರೇಷನ್ನಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸೂಜಿ ಚುಚ್ಚಿದಾಗ ಕಣ್ಣಲ್ಲಿ ನೀರು ಬಂತು, ಆಮೇಲೆ ಹಣೆಯೇ ಬೇರೆಯವರದಾಯಿತು. ಕತ್ತರಿಯ ಸದ್ದು ಕೇಳಿಸುತ್ತಿತ್ತು, ನೋವಿರಲಿಲ್ಲ. ಸರ್ಜನ್ ನರ್ಸಿನ ಜೊತೆ ತಮ್ಮ ಮನೆಯ ಸೋರುವ ನಲ್ಲಿಯ ಬಗ್ಗೆ ಮಾತಾಡುತ್ತಿದ್ದರು. ನನ್ನ ರೆಪ್ಪೆ ಹೊಲಿಯುವಾಗ ನಲ್ಲಿಯ ಮಾತು ಯಾಕೆ ಎಂದು ಕೇಳಬೇಕೆನಿಸಿತು. ಕೇಳಿದರೆ ಕೈ ಅಲುಗೀತೆಂದು ಬಾಯಿ ಮುಚ್ಚಿಕೊಂಡಿದ್ದೆ. ಮುಗಿದ ಮೇಲೆ ಎರಡೂ ಕಣ್ಣಿನ ಮೇಲೆ ತಣ್ಣನೆಯ ಪಟ್ಟಿ ಇಟ್ಟು, ಒಂದು ಗಂಟೆ ತೆಗೆಯಕೂಡದು ಎಂದು ಹೇಳಿ ಮತ್ತೆ ಕೋಣೆಗೆ ತಂದು ಮಲಗಿಸಿದರು. ಹೆಂಡತಿ ಬಂದು ನನ್ನ ಕೈ ಹಿಸುಕಿದಳು. "ಕಾಫಿ ಕುಡ್ಕೊಂಡು ಬರ್ತೀನಿ, ಅಲುಗಾಡಬೇಡಿ," ಎಂದು ಹೋದಳು.

ಬಾಗಿಲು ಮುಚ್ಚಿತು. ಆದರೆ ಕೋಣೆಯಲ್ಲಿ ಇನ್ನೊಬ್ಬರ ಉಸಿರಿತ್ತು.

"ಯಾರದು?"

"ನಾನು."

ಹದಿನಾಲ್ಕು ತಿಂಗಳು ಕೇಳದ ದನಿ. ಎದೆ ಡವಡವ ಹೊಡೆದುಕೊಂಡಿತು. ಪುಣ್ಯಕ್ಕೆ ಬೆರಳಿನ ಚಿಮುಟ ತೆಗೆದಿದ್ದರು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿಂದ ಬಂದದ್ದು ಮಾತ್ರ, "ಯಾರು ಕರೆಸಿದ್ದು?"

"ಅಮ್ಮ. ಮೂರು ದಿನದಿಂದ ಫೋನ್ ಮೇಲೆ ಫೋನ್."

"ಎಷ್ಟು ಹೊತ್ತಾಯ್ತು ಬಂದು?"

"ನೀನು ಒಳಗೆ ಹೋದ ಮೇಲೆ ಬಂದೆ."

"ಅಂಗಡಿಗೆ ರಜೆ ಹಾಕಿದೀಯಾ?"

"ಅಪ್ಪ, ಇನ್ನೂ ಎಷ್ಟು ಪ್ರಶ್ನೆ ಇದೆ?" ನಕ್ಕಳೋ ಬೇಸರಪಟ್ಟಳೋ ತಿಳಿಯಲಿಲ್ಲ. ನೋಡದೆ ನನಗೆ ಏನೂ ತಿಳಿಯುವುದಿಲ್ಲ. ಕೈಕಾಲು ಕಟ್ಟಿಹಾಕಿದಂತಾಗಿತ್ತು. ಅವಳು ಕೇಳಿದಳು, "ಯಾಕೆ ಮಾಡಿಸ್ಕೊಂಡೆ ಇದನ್ನ?"

"ಆ ಮುಖ ನೋಡೋಕಾಗಲ್ಲ ಅಂದ್ಯಂತಲ್ಲ."

"ಅಯ್ಯೋ ದೇವರೇ," ಎಂದಳು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಅಪ್ಪ, ಅವತ್ತು ಟಿಕೆಟ್ ಇತ್ತು. ಮುಷ್ಟಿಯಲ್ಲೇ ಇತ್ತು."

"ಮತ್ತೆ ತೋರಿಸ್ಲಿಲ್ಲ ಯಾಕೆ?"

"ತಗೊಂಡಿದೀನಿ ಅಂತ ಹೇಳಿದ್ನಲ್ಲ. ಕಂಡಕ್ಟರೂ ಹೇಳಿದ. ನೀನು ತೋರಿಸಿ ಅಂದೆ. ಅಂದ ಮೇಲೆ ತೋರಿಸಬಾರದು ಅನ್ನಿಸ್ತು. ದಂಡ ಕಟ್ಟಿದ್ರೂ ಪರವಾಗಿಲ್ಲ, ನನ್ನ ಮಾತು ಸಾಕಾಗತ್ತಾ ನಿನಗೆ ಅಂತ ನೋಡ್ಬೇಕಿತ್ತು."

ಅವಳ ಮಾತಿನ ಹಿಂದೆಯೇ, ಹೇಳಲು ನಾಚಿಕೆಯಾಗುತ್ತದೆ, ಇಪ್ಪತ್ತೆಂಟು ವರ್ಷದ ತಲೆ ಕೆಲಸ ಶುರುಮಾಡಿತು. ಇಷ್ಟು ದಿನ ಇದನ್ನು ತಾಯಿಗೂ ಯಾಕೆ ಹೇಳಲಿಲ್ಲ? ಇವತ್ತೇ ಯಾಕೆ? ತಾಯಿ ಮಗಳು ಕೂಡಿ ನನ್ನ ಮನಸ್ಸು ಕರಗಿಸಲು ಕಟ್ಟಿದ ಮಾತಿರಬಹುದೇ? ಆ ಟಿಕೆಟ್ ಈಗ ಎಲ್ಲಿದೆ ಎನ್ನುವ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕೂತಿತು. ಹುಬ್ಬು ಗಂಟಿಕ್ಕಲು ಹೋದೆ. ಮರಗಟ್ಟಿದ ಹಣೆಯಲ್ಲಿ ಏನೂ ಕದಲಲಿಲ್ಲ. ಸಡಿಲಿಸಿದ್ದು ಸ್ನಾಯುವನ್ನು ಮಾತ್ರ, ಗುಮಾನಿ ಇದ್ದಲ್ಲೇ ಇತ್ತು. ಆ ದಪ್ಪ ಬೆರಳಿನ ಸರ್ಜನ್ ಎಷ್ಟು ಸಲ ಅಳೆದಿದ್ದರೂ ಅದು ಅವರ ಕತ್ತರಿಗೆ ಸಿಗುವಂಥದ್ದಲ್ಲ.

ಪ್ರಶ್ನೆಯನ್ನು ನುಂಗಿದೆ.

"ಇತ್ತು," ಎಂದೆ.

"ಏನು?"

"ಟಿಕೆಟ್ ಇತ್ತು. ನೀನು ಹೇಳಿದ್ಯಲ್ಲ, ಇತ್ತು. ನನ್ನದೇ ತಪ್ಪು ಮರಿ."

ಈ ಹುಡುಗಿ ಈಗ ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದು ಕಾದೆ. ಅಂಗೈ ತೆರೆದೇ ಇಟ್ಟಿದ್ದೆ.

"ನಿಜವಾಗ್ಲೂ ನಂಬಿದೀಯಾ?" ಎಂದಳು. ಅವಳ ದನಿಯಲ್ಲಿ ನನ್ನದೇ ದನಿ ಕೇಳಿಸಿತು. "ಕಣ್ಣು ಕಟ್ಟಿದಾರೆ, ಮಲಗಿಸಿದಾರೆ, ಅದಕ್ಕೆ ಸುಮ್ನೆ ಹೂಂ ಅಂತಿಲ್ಲ ತಾನೆ? ನಂಬಿದೀಯಾ ಅಂತ ನಾನು ಹೇಗೆ ತಿಳ್ಕೊಳ್ಳಲಿ?"

ಎಲ್ಲ ಜೇಬುಗಳನ್ನೂ ತಡಕಿದವನಂತೆ ಮನಸ್ಸಿನಲ್ಲಿ ಹುಡುಕಿದೆ. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

"ನನ್ನ ಮಾತೊಂದೇ ಇರೋದು," ಎಂದೆ. "ಬೇಕಾದ್ರೆ ನಂಬು."

"ಯೋಚನೆ ಮಾಡಿ ಹೇಳ್ತೀನಿ," ಎಂದಳು ಮಗಳು. ಆದರೆ ಎದ್ದು ಹೋಗಲಿಲ್ಲ.